ಟೆಸ್ಟೋಸ್ಟಿರಾನ್ ಇಂಜೆಕ್ಷನ್ ತೆಗೆದುಕೊಂಡರೆ ವೀರ್ಯಾಣು ಹೆಚ್ಚುತ್ತದೆಯೇ?

‘ಟೆಸ್ಟೋಸ್ಟಿರಾನ್ ಗಂಡಸರ ಹಾರ್ಮೋನ್. ಅದು ಹೆಚ್ಚಾದಷ್ಟೂ ವೀರ್ಯಾಣು ಹೆಚ್ಚು, ಮಗು ಬೇಗ ಆಗುತ್ತದೆ.’ ಜಿಮ್‌ಗಳಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ ಇಂಥ ಮಾತು ಕೇಳಿಬರುತ್ತದೆ. ಕೇಳಲು ಸರಿ ಎನಿಸಿದರೂ ಇದು ತಪ್ಪು. ಹೊರಗಿನಿಂದ ತೆಗೆದುಕೊಂಡ ಟೆಸ್ಟೋಸ್ಟಿರಾನ್ ವೀರ್ಯಾಣುಗಳ ಉತ್ಪಾದನೆಯನ್ನು ತಗ್ಗಿಸುತ್ತದೆ, ಎಷ್ಟೋ ಜನರಲ್ಲಿ ಪೂರ್ತಿ ನಿಲ್ಲಿಸಿಬಿಡುತ್ತದೆ.

ವೀರ್ಯಾಣು ತಯಾರಾಗುವುದು ಹೇಗೆ?

ಕೆಲಸ ನಡೆಯುವುದು ವೃಷಣದಲ್ಲಿ, ಆದರೆ ಸೂಚನೆ ಬರುವುದು ಮಿದುಳಿನಿಂದ. ಮಿದುಳಿನ ಹೈಪೋಥಲಾಮಸ್ ಭಾಗದ ಸೂಚನೆಯಂತೆ ಪಿಟ್ಯುಟರಿ ಗ್ರಂಥಿಯು ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಎಂಬ ಎರಡು ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ಎಲ್‌ಎಚ್‌ನಿಂದಾಗಿ ವೃಷಣದಲ್ಲಿ ಟೆಸ್ಟೋಸ್ಟಿರಾನ್ ತಯಾರಾಗುತ್ತದೆ. ಎಫ್‌ಎಸ್‌ಎಚ್, ಬೆಳೆಯುತ್ತಿರುವ ವೀರ್ಯಾಣುಗಳನ್ನು ಪೋಷಿಸುವ ಸರ್ಟೋಲಿ ಕೋಶಗಳನ್ನು ಚುರುಕಾಗಿಡುತ್ತದೆ. ವೀರ್ಯಾಣು ತಯಾರಾಗಿ, ಪಕ್ವವಾಗಿ ಹೊರಬರಲು ಒಟ್ಟು ಸುಮಾರು 3 ತಿಂಗಳು ಬೇಕು.

ಇಂಜೆಕ್ಷನ್ ಏನು ಮಾಡುತ್ತದೆ?

ವೀರ್ಯಾಣು ಬೆಳೆಯಲು ವೃಷಣದ ಒಳಗೆ, ರಕ್ತದಲ್ಲಿ ಇರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಟೆಸ್ಟೋಸ್ಟಿರಾನ್ ಇರಬೇಕು. ಇಂಜೆಕ್ಷನ್ ಅಥವಾ ಜೆಲ್‌ನಿಂದ ಆ ಮಟ್ಟ ಸಿಗುವುದಿಲ್ಲ. ರಕ್ತದಲ್ಲಿ ಮಾತ್ರ ಏರುತ್ತದೆ. ಟ್ಯಾಂಕ್ ತುಂಬಿದಾಗ ಆಟೊಮ್ಯಾಟಿಕ್ ಮೋಟರ್ ಆಫ್ ಆಗುವಂತೆ, ರಕ್ತದಲ್ಲಿ ಸಾಕಷ್ಟು ಹಾರ್ಮೋನ್ ಕಂಡ ಮಿದುಳು ಸೂಚನೆ ನಿಲ್ಲಿಸುತ್ತದೆ. ಎಲ್‌ಎಚ್, ಎಫ್‌ಎಸ್‌ಎಚ್ ಕುಸಿಯುತ್ತವೆ. ವೃಷಣದ ಒಳಗಿನ ಟೆಸ್ಟೋಸ್ಟಿರಾನ್ ಇಳಿಯುತ್ತದೆ, ವೃಷಣ ಚಿಕ್ಕದಾಗಲೂಬಹುದು. ಹೀಗಾಗಿ ಸ್ನಾಯುಗಳು ದಪ್ಪಗಿದ್ದು, ರಕ್ತದ ರಿಪೋರ್ಟಿನಲ್ಲಿ ಟೆಸ್ಟೋಸ್ಟಿರಾನ್ ಚೆನ್ನಾಗಿದ್ದರೂ ವೀರ್ಯದಲ್ಲಿ ಒಂದು ವೀರ್ಯಾಣುವೂ ಇಲ್ಲದಿರಬಹುದು.

ಇದಕ್ಕೆ ಪುರಾವೆ ಏನು?

ಟೆಸ್ಟೋಸ್ಟಿರಾನನ್ನು ಗಂಡಸರ ಗರ್ಭನಿರೋಧಕವಾಗಿಯೇ ಪರೀಕ್ಷಿಸಲಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನವೊಂದರ ಫಲಿತಾಂಶ 1990ರಲ್ಲಿ ಪ್ರಕಟವಾಯಿತು. ಅದರಲ್ಲಿ 271 ಆರೋಗ್ಯವಂತ ಗಂಡಸರಿಗೆ ವಾರಕ್ಕೆ 200 ಮಿಲಿಗ್ರಾಂ ಟೆಸ್ಟೋಸ್ಟಿರಾನ್ ಇಂಜೆಕ್ಷನ್ ಕೊಡಲಾಯಿತು. 157 ಜನರ ವೀರ್ಯದಲ್ಲಿ ವೀರ್ಯಾಣುಗಳೇ ಇಲ್ಲದಂತಾಯಿತು.

ನಿಲ್ಲಿಸಿದರೆ ಸರಿಹೋಗುತ್ತದೆಯೇ?

ಬಹುತೇಕರಲ್ಲಿ ಹೌದು, ಆದರೆ ನಿಧಾನವಾಗಿ. ಇಂಥ ಗರ್ಭನಿರೋಧಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ಲೆಕ್ಕ ಹಾಕಿದಾಗ, 6 ತಿಂಗಳಲ್ಲಿ ಶೇ. 67ರಷ್ಟು, 12 ತಿಂಗಳಲ್ಲಿ ಶೇ. 90ರಷ್ಟು ಜನರಲ್ಲಿ ವೀರ್ಯಾಣುಗಳ ಸಂಖ್ಯೆ ಮಿಲಿಲೀಟರಿಗೆ 2 ಕೋಟಿಗೆ ಮರಳುವ ಅಂದಾಜು ಸಿಕ್ಕಿತು. ಅವರೆಲ್ಲ ವೈದ್ಯರ ನಿಗಾದಲ್ಲಿದ್ದ ಆರೋಗ್ಯವಂತರು. ಜಿಮ್‌ನಲ್ಲಿ ಹಲವು ಸ್ಟೀರಾಯ್ಡ್‌ಗಳನ್ನು ಬೆರೆಸಿ, ದೊಡ್ಡ ಡೋಸ್‌ನಲ್ಲಿ ವರ್ಷಗಟ್ಟಲೆ ತೆಗೆದುಕೊಂಡವರಿಗೆ ಇನ್ನೂ ಹೆಚ್ಚು ಸಮಯ ಬೇಕಾಗಬಹುದು.

‘ಹೆಣ್ಣಿನ ಹಾರ್ಮೋನ್’ ವೀರ್ಯಾಣುವಿಗೆ ಕೆಟ್ಟದ್ದೇ?

ಅಲ್ಲ. ಅಂಡಾಣುವಿನ ಸುತ್ತಲಿನ ಕೋಶಗಳು ಪ್ರೊಜೆಸ್ಟಿರಾನ್ ಬಿಡುತ್ತವೆ. ಇದು ಸೋಕಿದಾಗ ವೀರ್ಯಾಣುವಿನ ಬಾಲದಲ್ಲಿರುವ ಕ್ಯಾಟ್‌ಸ್ಪರ್ ಎಂಬ ದ್ವಾರಗಳು ತೆರೆದು ಕ್ಯಾಲ್ಸಿಯಂ ಒಳಹೋಗುತ್ತದೆ ಎಂದು 2011ರಲ್ಲಿ ವಿಜ್ಞಾನಿಗಳು ತೋರಿಸಿದರು. ಬಾಲ ಜೋರಾಗಿ ಬಡಿಯಲು ಈ ಕ್ಯಾಲ್ಸಿಯಂ ಬೇಕು.

ಹಾಗಾದರೆ ಏನು ಮಾಡಬೇಕು?

• ಮಗು ಆಗಲು ತಡವಾದರೆ ಹೆಂಡತಿಗಷ್ಟೇ ಪರೀಕ್ಷೆ ಮಾಡಿಸಬೇಡಿ. ಗಂಡನ ವೀರ್ಯ ಪರೀಕ್ಷೆಯನ್ನೂ ಮೊದಲೇ ಮಾಡಿಸಿ.
• ಇಂಜೆಕ್ಷನ್, ಜೆಲ್, ಜಿಮ್‌ನಲ್ಲಿ ಕೊಟ್ಟ ಔಷಧ ಯಾವುದನ್ನೇ ತೆಗೆದುಕೊಂಡಿದ್ದರೂ ಮುಚ್ಚಿಡದೆ ವೈದ್ಯರಿಗೆ ಹೇಳಿ.
• ವೈದ್ಯರೇ ಟೆಸ್ಟೋಸ್ಟಿರಾನ್ ಬರೆದುಕೊಟ್ಟಿದ್ದರೆ ನೀವಾಗಿಯೇ ನಿಲ್ಲಿಸಬೇಡಿ. ಮಗು ಬೇಕು ಎಂದು ತಿಳಿಸಿ. ಎಚ್‌ಸಿಜಿಯಂಥ ಬೇರೆ ಚಿಕಿತ್ಸೆಗಳಿವೆ.

ಒಟ್ಟಿನಲ್ಲಿ, ಟೆಸ್ಟೋಸ್ಟಿರಾನ್ ಇಂಜೆಕ್ಷನ್ ಮಗು ಆಗಲು ಕೊಡುವ ಔಷಧವಲ್ಲ. ಹಾಗೆಂದು ಹೇಳುವ ಸಂದೇಶ ಬಂದರೆ ಫಾರ್ವರ್ಡ್ ಮಾಡಬೇಡಿ.