ಶುಗರ್‌ನೊಳಗಿನ ಉಗಾರ

ಇಂಗ್ಲೀಷಿನಲ್ಲಿ ಜಿ-ಎ-ಆರ್ ಎಂಬ ಮೂರು ಅಕ್ಷರಗಳಿಂದ ಮುಗಿಯುವ ದಿನಬಳಕೆಯ ಪದಗಳು ಬಹಳವೇನಿಲ್ಲ. ಶುಗರ್, ಸಿಗಾರ್, ವಿನೆಗರ್, ಬೆಗ್ಗರ್, ವಲ್ಗರ್, ಹ್ಯಾಂಗರ್ (ವಿಮಾನ ನಿಲ್ಲಿಸುವ ಶೆಡ್ಡು. ಅಂಗಿ ತೂಗುಹಾಕುವ ಹ್ಯಾಂಗರಿನ ಸ್ಪೆಲಿಂಗೇ ಬೇರೆ), ಅಮೆರಿಕದ ಕಾಡುಬೆಕ್ಕು ಕೂಗರ್... ಹೀಗೆ ಒಂದಷ್ಟು.

ನಮ್ಮ ಚಿಕ್ಕೋಡಿ-ಅಥಣಿ ಕಡೆಯವರಿಗೆ ಇದರಲ್ಲೊಂದು ಮಜಾ ಇದೆ. ಶುಗರ್ ಸ್ಪೆಲಿಂಗಿನ ಮೊದಲ ಅಕ್ಷರ ಅಳಿಸಿ ನೋಡಿ, ಉಳಿಯುವುದು ಉಗಾರ! ಕೃಷ್ಣಾ ತೀರದ ಉಗಾರ ಖುರ್ದ, ಮೀರಜ್ ಕಡೆ ಹೋಗುವ ರೈಲು ನಿಲ್ಲುವ ಊರು. ಮೊದಲು ಅಥಣಿ ತಾಲೂಕಿನಲ್ಲಿತ್ತು, 2018ರಲ್ಲಿ ಕಾಗವಾಡ ತಾಲೂಕಾದ ಮೇಲೆ ಅದಕ್ಕೆ ಸೇರಿತು. 1939ರಲ್ಲಿ ಶುರುವಾದ ಕಂಪನಿಯ ಹೆಸರು ಉಗಾರ್ ಶುಗರ್ ವರ್ಕ್ಸ್. ಒಂದೇ ಬೋರ್ಡಿನಲ್ಲಿ ಅದೇ ನಾಲ್ಕು ಅಕ್ಷರ ಎರಡು ಸಲ. ಇದು ಬರೀ ಕಾಕತಾಳೀಯ, ಮತ್ತೇನೂ ಅಲ್ಲ. ಆದರೆ ನಮ್ಮವರು ಇಂಥದ್ದನ್ನು ಸುಮ್ಮನೆ ಬಿಡುವವರಲ್ಲ. "ಉಗಾರದಿಂದಲೇ ಶುಗರ್ ಹುಟ್ಟಿತು" ಅಂತ ಯಾರಾದರೂ ಫಾರ್ವರ್ಡ್ ಕಳಿಸುವ ಮೊದಲೇ ನಾನು ಇದನ್ನು ಬರೆದಿಡುತ್ತಿದ್ದೇನೆ :)

ಈ ಪದಗಳ ಬಾಲ ಒಂದೇ ಇದ್ದರೂ ಬಳಗ ಒಂದೇ ಅಲ್ಲ. ವಿನೆಗರ್ ಅಂದರೆ ಫ್ರೆಂಚಿನಲ್ಲಿ 'ಹುಳಿ ವೈನು'. ವಲ್ಗರ್ ಲ್ಯಾಟಿನ್ನಿನದು, ಮೂಲದಲ್ಲಿ 'ಸಾಮಾನ್ಯ ಜನರ' ಅಂತಷ್ಟೇ ಅರ್ಥ, ಬೈಗುಳ ಆಮೇಲೆ ಅಂಟಿಕೊಂಡಿದ್ದು. ಸಿಗಾರ್ ಸ್ಪ್ಯಾನಿಷ್ ಮೂಲಕ ಬಂದದ್ದು, ಬಹುಶಃ ಮಧ್ಯ ಅಮೆರಿಕದ ಮಾಯಾ ಜನರ ಮಾತು. ಶುಗರ್ ಒಂದು ಮಾತ್ರ ನಮ್ಮ ದೇಶದಿಂದ ಹೋದದ್ದು.

ಸಂಸ್ಕೃತದ ಶರ್ಕರಾ ಪದಕ್ಕೆ ಹಳೆಯ ಅರ್ಥ ಮರಳು, ಹರಳುಕಲ್ಲು. ಕಬ್ಬಿನ ಹಾಲು ಕಾಸಿ ಹರಳುಗಟ್ಟಿಸಿದಾಗ ಸಿಕ್ಕಿದ್ದಕ್ಕೂ ಅದೇ ಹೆಸರು ಬಂತು. ಪಾರಸಿಯಲ್ಲಿ ಶಕರ್, ಅರಬ್ಬಿಯಲ್ಲಿ ಸುಕ್ಕರ್, ಅಲ್ಲಿಂದ ಲ್ಯಾಟಿನ್, ಇಟಾಲಿಯನ್, ಫ್ರೆಂಚ್ ದಾಟಿ ಇಂಗ್ಲೆಂಡಿಗೆ ಮುಟ್ಟುವಾಗ ನಡುವಿನ 'ಕ' ಸವೆದು 'ಗ' ಆಗಿತ್ತು. ಇತ್ತ ಅದೇ ಪದ ಪ್ರಾಕೃತದ ಬಾಯಲ್ಲಿ ಮೆತ್ತಗಾಗಿ ಕನ್ನಡಕ್ಕೆ ಸಕ್ಕರೆಯಾಗಿ ಬಂತು. ಅಂದರೆ ಚಹಾಕ್ಕೆ "ಶುಗರ್ ಹಾಕಲಾ, ಸಕ್ಕರೆ ಹಾಕಲಾ" ಅಂದರೆ ಒಂದೇ ಪದವನ್ನು ಎರಡು ಸಲ ಕೇಳಿದಂತೆ.

ಇದಕ್ಕಿಂತ ನನಗೆ ಇಷ್ಟವಾಗುವುದು ಬೆಲ್ಲದ ಕಥೆ. ಪಶ್ಚಿಮ ಕರಾವಳಿಗೆ ಬಂದ ಪೋರ್ಚುಗೀಸರು ಇದೇ ಶರ್ಕರೆಯನ್ನು 'ಜಾಗರ' ಅಂದರು. ಅವರು ಕೇಳಿಸಿಕೊಂಡದ್ದು ಕನ್ನಡದವರ ಬಾಯಿಂದ ಅಂತ ಕೆಲವು ನಿಘಂಟು, ಮಲಯಾಳದ ಚಕ್ಕರದಿಂದ ಅಂತ ಕೆಲವು. ನನಗೇನೋ ಮಲಯಾಳದ ಪಕ್ಷವೇ ಗಟ್ಟಿ ಅನಿಸುತ್ತದೆ, ಮೊದಲಕ್ಷರದ 'ಚ'ದಿಂದ 'ಜ'ಕ್ಕೆ ಹತ್ತಿರದ ದಾರಿ. ಅದೇ ಇಂಗ್ಲೀಷಿನ ಜ್ಯಾಗರಿ. ಗ್ರೀಕರ ದಾರಿ ಹಿಡಿದು ಹೋದ ಮತ್ತೊಂದು ಕವಲು ಸ್ಯಾಕರಿನ್. 1879ರಲ್ಲಿ ಅಮೆರಿಕದ ಪ್ರಯೋಗಾಲಯದಲ್ಲಿ ಸಿಕ್ಕ ಆ ರಾಸಾಯನಿಕದಲ್ಲಿ ಸಕ್ಕರೆಯ ಹೆಸರಿದೆ, ಸಕ್ಕರೆ ಇಲ್ಲ! ಶುಗರ್, ಜ್ಯಾಗರಿ, ಸ್ಯಾಕರಿನ್: ಸ್ಪೆಲಿಂಗ್ ನೋಡಿದರೆ ಅಪರಿಚಿತರು, ಆದರೆ ಒಂದೇ ತಾಯಿಯ ಮಕ್ಕಳು.

ಕ್ಯಾಂಡಿ ಇದಕ್ಕೆ ಉಲ್ಟಾ. ಮಿಠಾಯಿಯ ಕ್ಯಾಂಡಿ 'ಖಂಡ' ಅಂದರೆ ತುಂಡು ಎಂಬುದರಿಂದ ಅರಬ್ಬಿ ಮೂಲಕ ಹೋದದ್ದು. ಅದೇ ಸ್ಪೆಲಿಂಗಿನ ಇನ್ನೊಂದು ಕ್ಯಾಂಡಿ ಇದೆ, ಅದು ತೂಕದ ಲೆಕ್ಕ, ನಮ್ಮ ಅಜ್ಜಂದಿರ ಖಂಡಿ. ಭಾರತದ ಹತ್ತಿ ವ್ಯಾಪಾರದಲ್ಲಿ ಈಗಲೂ ಒಂದು ಕ್ಯಾಂಡಿ ಅಂದರೆ ಸುಮಾರು 356 ಕಿಲೋ. 1886ರ 'ಹಾಬ್ಸನ್-ಜಾಬ್ಸನ್' ನಿಘಂಟಿನಲ್ಲಿ ಎರಡೂ ಕ್ಯಾಂಡಿಗಳು ಅಕ್ಕಪಕ್ಕದಲ್ಲಿ ಕೂತಿವೆ.

ಶರ್ಕರೆಯ ಹೆಸರು ಒಯ್ದ ಪೋರ್ಚುಗೀಸರು ಬರಿಗೈಯಲ್ಲಿ ಬಂದಿರಲಿಲ್ಲ, 'ತಬಾಕೊ' ತಂದರು. ನಿಪ್ಪಾಣಿ ಬೆಳೆದದ್ದೇ ಅದರ ಮೇಲೆ, ಸಿಗಾರಿನ ಊರಾಗಿ ಅಲ್ಲ, ಬೀಡಿ ತಂಬಾಕಿನ ಪೇಟೆಯಾಗಿ. ಉತ್ತರಕ್ಕೆ ಈ ಎಲೆ ಹೋದ ದಾರಿಯೂ ನಮ್ಮ ಪಕ್ಕದಲ್ಲೇ ಇದೆ. 1604-05ರ ಸುಮಾರಿಗೆ ಅಸದ್ ಬೇಗ್ ಎಂಬ ಮೊಗಲ್ ರಾಯಭಾರಿ ಬಿಜಾಪುರದಲ್ಲಿ ಹೊಗೆಸೊಪ್ಪು ಕಂಡು ಬೆರಗಾಗಿ, ಚಿಲುಮೆ ಸಮೇತ ಅಕ್ಬರನ ಮುಂದಿಟ್ಟ.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ಬಾಲ ನೋಡಿ ಮೂಲ ಹೇಳುವ ಚಟ ನಮ್ಮ ಗಡಿಯಲ್ಲಿ ಬರೀ ಮೋಜಿನ ವಿಷಯವಲ್ಲ. 1956ರಲ್ಲಿ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಿಂದ ಮೈಸೂರಿಗೆ ಬಂತು. 1967ರ ಮಹಾಜನ ವರದಿ ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೆ ಕೊಡಿ ಅಂದಿತು, ಕೊಡಲಿಲ್ಲ, 2004ರಲ್ಲಿ ತಕರಾರು ಸುಪ್ರೀಂ ಕೋರ್ಟಿಗೆ ಹೋಯಿತು. ಈ ಗದ್ದಲದಲ್ಲಿ ಊರಿನ ಹೆಸರೇ ಸಾಕ್ಷಿ. ಕೊನೆಗೆ 'ವಾಡಿ' ಇದ್ದರೆ ಅವರದು, 'ಹಳ್ಳಿ' ಇದ್ದರೆ ನಮ್ಮದು, ಹೀಗೆ ಎರಡೂ ಕಡೆಯವರು ವಾದಿಸುವುದನ್ನು ನಾನು ಬಸ್‌ಸ್ಟ್ಯಾಂಡಿನಲ್ಲೂ ಕೇಳಿದ್ದೇನೆ, ಆರ್ಕುಟ್ ಇದ್ದಾಗ ಅಲ್ಲೂ ಓದಿದ್ದೇನೆ.

ರಾಯಬಾಗವನ್ನೇ ತಗೊಳ್ಳಿ. ಕೊನೆಯ 'ಬಾಗ' ಕಂಡವರು ಪಾರಸಿಯ ಬಾಗ್, ಅಂದರೆ ತೋಟ ಅಂದುಬಿಡುತ್ತಾರೆ. ಊರು ಸ್ವಾತಂತ್ರ್ಯದವರೆಗೂ ಕೊಲ್ಹಾಪುರ ಸಂಸ್ಥಾನದಲ್ಲಿದ್ದದ್ದರಿಂದ ಮರಾಠಿ ಲೆಕ್ಕಕ್ಕೂ ಹೊಂದುತ್ತದೆ. ಆದರೆ ಶಾಸನಗಳಲ್ಲಿ ಅದು ಬಾಗೆ, ಹೂವಿನಬಾಗೆ. ಆದಿಲ್‌ಶಾಹಿ ಹುಟ್ಟುವುದಕ್ಕೂ ಎಷ್ಟೋ ಮೊದಲಿನ ಹೆಸರು. ಇಂಗ್ಲೀಷು ಓದುವ ಹುಡುಗರಿಗೆ ಸ್ಟೇಷನ್ ಬೋರ್ಡಿನಲ್ಲಿ ಕಾಣುವುದು ಚೀಲದ ಬ್ಯಾಗು, ಅದು ಬೇರೆ!

ಸರಕಾರಿ ಪಟ್ಟಿಗಳಲ್ಲಿ ಊರ ಹೆಸರಿನ ಮುಂದೆ ಬರುವ ಕೆ.ಎಚ್., ಬಿ.ಕೆ. ಎಂಬ ಅಕ್ಷರಗಳನ್ನು ನೀವೂ ನೋಡಿರುತ್ತೀರಿ. ಬೆಂಗಳೂರಿನ ನನ್ನ ಟೀಮಿನವರು ಅವನ್ನು ಯಾರದ್ದೋ ಇನಿಷಿಯಲ್ ಅಂದುಕೊಂಡಿದ್ದರು. ಕೆ.ಎಚ್. ಅಂದರೆ ಖುರ್ದ, ಪಾರಸಿಯಲ್ಲಿ ಚಿಕ್ಕದು. ಬಿ.ಕೆ. ಅಂದರೆ ಬುದ್ರುಕ್, ಪಾರಸಿಯ ಬುಜುರ್ಗ್, ಹಿರಿಯದು. ಒಂದೇ ಹೆಸರಿನ ಎರಡು ಊರು ಗುರುತಿಸಲು ಕಂದಾಯದವರು ಹಚ್ಚಿದ ಚೀಟಿ. ಅದು ಊರಿನವರ ಭಾಷೆ ಹೇಳುವುದಿಲ್ಲ, ದಫ್ತರದ ಭಾಷೆ ಹೇಳುತ್ತದೆ. ಉಗಾರ ಖುರ್ದದ ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬಿನ ಲಾರಿ ಅಂದರೆ ಆ ಸಾಲಿನಲ್ಲಿ ಖುರ್ದ ಪಾರಸಿ, ಕಾರ್ಖಾನೆ ಪಾರಸಿ, ಸಕ್ಕರೆ ಪ್ರಾಕೃತ, ಲಾರಿ ಇಂಗ್ಲೀಷು. ಕಬ್ಬು ಮಾತ್ರ ತಮಿಳಿನ ಕರುಂಬಿನ ತಂಗಿ.