ಹೊನ್ನಾವರದಿಂದ ಹೈಕೋರ್ಟಿನವರೆಗೆ: ಸರ್ ನಾರಾಯಣ ಗಣೇಶ ಚಂದಾವರಕರ

ಸಾಂಗೆ ತಾಲೂಕಿನ ಜಾಂಬಾವಲಿಗೆ ಗುಲಾಲೋತ್ಸವಕ್ಕೆ ಹೋಗುವ ಭಕ್ತರಿಗೆ ಆ ಕ್ಷೇತ್ರದ ಕಥೆ ತಿಳಿದೇ ಇದೆ. 16ನೇ ಶತಮಾನದಲ್ಲಿ ಮಡಗಾಂವದಲ್ಲಿ ದೇಗುಲಗಳು ಉರುಳುವಾಗ ಶ್ರೀ ದಾಮೋದರ ದೇವರನ್ನು ಇಲ್ಲಿಗೆ ತಂದರು. ಈ ಸೀಮೆ ಅಂದು ಪೋರ್ತುಗೀಜರ ಕೈಯಲ್ಲಿರಲಿಲ್ಲ. ಸೋದೆಯ ಅರಸರಿಂದ ಅವರ ಪಾಲಾದದ್ದು 18ನೇ ಶತಮಾನದಲ್ಲಿ. ದೇವರು ಇಲ್ಲಿ ನಿಂತರೂ ಅನೇಕ ಸಾರಸ್ವತ ಮನೆತನಗಳು ಇನ್ನೂ ದಕ್ಷಿಣಕ್ಕೆ ನಡೆದು ಅಂಕೋಲೆ, ಕುಮಟೆ, ಹೊನ್ನಾವರಗಳಲ್ಲಿ ನೆಲೆಯೂರಿ, ನಿಂತ ಊರಿನ ಹೆಸರನ್ನೇ ಮನೆತನದ ಹೆಸರಾಗಿ ಧರಿಸಿದವು. ಕುಮಟೆ ಬಳಿಯ ಚಂದಾವರದಿಂದ ಬಂದ ಹೆಸರೇ ಚಂದಾವರಕರ.

ನಾರಾಯಣರಾಯರು 1855ರ ಡಿಸೆಂಬರ್ 2ರಂದು ಹೊನ್ನಾವರದಲ್ಲಿ ಜನಿಸಿದರು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದ್ರಾಸ್ ಪ್ರಾಂತವನ್ನು ಬಿಟ್ಟು ಮುಂಬಯಿ ಪ್ರಾಂತಕ್ಕೆ ಸೇರಿತು. ಆ ಬದಲಾವಣೆ ಆಗದಿದ್ದರೆ ಈ ಬಾಲಕನ ದಾರಿ ಯಾವ ಕಡೆ ಹೊರಳುತ್ತಿತ್ತೋ! ಸೋದರಮಾವ ಶಾಮರಾವ್ ವಿಠ್ಠಲ ಕಾಯ್ಕಿಣಿಯವರು ಮುಂಬಯಿಯ ಹೆಸರಾಂತ ವಕೀಲರು, ಸಮಾಜಹಿತೈಷಿಗಳು. ಶ್ರೀಪಾದ ಸುಬ್ಬರಾವ್ ತಲ್ಮಕಿಯವರು 1906ರಲ್ಲಿ ಕಟ್ಟಿದ ಸಹಕಾರಿ ಸಂಘಕ್ಕೆ, ಇಂದಿನ ಬ್ಯಾಂಕಿಗೆ, ಇವರದೇ ಹೆಸರು.

ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಪದವಿ, 1881ರಲ್ಲಿ ಕಾನೂನು ಪರೀಕ್ಷೆ, ಜೊತೆಗೆ 'ಇಂದುಪ್ರಕಾಶ' ಪತ್ರಿಕೆಯ ಇಂಗ್ಲಿಷ್ ವಿಭಾಗದ ಸಂಪಾದಕತ್ವ. 1885ರಲ್ಲಿ ಬ್ರಿಟನ್ನಿನ ಚುನಾವಣೆಗೆ ಮುನ್ನ ಅಲ್ಲಿನ ಮತದಾರರಿಗೆ ಭಾರತದ ಅಹವಾಲು ತಿಳಿಸಲು ಮೂವರನ್ನು ಕಳಿಸಲಾಯಿತು: ಬಂಗಾಳದ ಮನಮೋಹನ ಘೋಷ್, ಮದ್ರಾಸಿನ ರಾಮಸ್ವಾಮಿ ಮುದಲಿಯಾರ್, ಮುಂಬಯಿಯಿಂದ ಮೂವತ್ತರ ಹರೆಯದ ಚಂದಾವರಕರರು. ಸಮುದ್ರ ದಾಟಿದವನಿಗೆ ಜಾತಿಯವರ ಬಹಿಷ್ಕಾರದ ಭಯವಿದ್ದ ಕಾಲವದು.

1900ರಲ್ಲಿ ಲಾಹೋರ್ ಕಾಂಗ್ರೆಸ್ಸಿನ ಅಧ್ಯಕ್ಷ ಪೀಠ. ಮರುವರ್ಷವೇ, ರಾನಡೆಯವರು ತೀರಿಕೊಂಡ ತರುವಾಯ, ಮುಂಬಯಿ ಹೈಕೋರ್ಟಿನ ನ್ಯಾಯಪೀಠ. ನ್ಯಾಯಾಧೀಶರಾದವರು ರಾಜಕೀಯ ಬಿಡಬೇಕು, ಬಿಟ್ಟರು. ಪ್ರಾರ್ಥನಾ ಸಮಾಜದ ಅಧ್ಯಕ್ಷತೆಯನ್ನು ಮಾತ್ರ ಕೊನೆಯವರೆಗೂ ಬಿಡಲಿಲ್ಲ. 1910ರಲ್ಲಿ 'ಸರ್' ಪದವಿ ಬಂತು. 1913ರಲ್ಲಿ ಇಂದೋರಿನ ದಿವಾನಗಿರಿ.

ಮುಂದಿನದನ್ನು ಮರೆಮಾಚಿ ಬರೆದರೆ ಚರಿತ್ರೆಗೆ ಅಪಚಾರವಾದೀತು. 1918ರಲ್ಲಿ ಬಂಗಾಳದಲ್ಲಿ ವಿಚಾರಣೆಯಿಲ್ಲದೆ ಬಂಧನದಲ್ಲಿದ್ದವರ ಪ್ರಕರಣಗಳನ್ನು ಪರಿಶೀಲಿಸಲು ಬೀಚ್‌ಕ್ರಾಫ್ಟರೊಡನೆ ಚಂದಾವರಕರರನ್ನೂ ಸರಕಾರ ನೇಮಿಸಿತು. 806 ಪ್ರಕರಣಗಳಲ್ಲಿ ಬಿಡುಗಡೆಗೆ ಯೋಗ್ಯವೆಂದು ಅವರಿಬ್ಬರು ಕಂಡದ್ದು ಕೇವಲ 6. ವಕೀಲರ ವಾದವಿಲ್ಲದೆ ಕಾಗದಪತ್ರಗಳನ್ನಷ್ಟೇ ನೋಡಿ ನಿರ್ಣಯಿಸುವ ಕೆಲಸಕ್ಕೆ ಅಂಥ ನ್ಯಾಯವಾದಿ ಒಪ್ಪಿದ್ದೇಕೆ ಎಂಬ ಪ್ರಶ್ನೆ ಇಂದಿಗೂ ಕಾಡುತ್ತದೆ. ಅದೇ ವ್ಯಕ್ತಿ 1920ರಲ್ಲಿ, ಜಲಿಯನ್‌ವಾಲಾಬಾಗ್ ಹತ್ಯಾಕಾಂಡದ ಕುರಿತ ಹಂಟರ್ ಸಮಿತಿಯ ವರದಿಯನ್ನು ಖಂಡಿಸಿದ ಮುಂಬಯಿಯ ಸಭೆಯ ಅಧ್ಯಕ್ಷತೆ ವಹಿಸಿದರು. ಗಾಂಧೀಜಿ ಅಲ್ಲಿ ಠರಾವು ಮಂಡಿಸಿದರು. ಆದರೆ ಅದೇ ವರ್ಷ ಅಸಹಕಾರವನ್ನು ವಿರೋಧಿಸುವ ಪ್ರಕಟಣೆಗೂ ಚಂದಾವರಕರರ ಸಹಿ ಬಿತ್ತು. ಗಾಂಧೀಜಿ 'ಯಂಗ್ ಇಂಡಿಯಾ'ದಲ್ಲಿ ಗೌರವದಿಂದಲೇ ಉತ್ತರಿಸಿದರು. ಕಾನೂನಿನ ಚೌಕಟ್ಟನ್ನು ದಾಟಲು ಅವರ ಮನಸ್ಸು ಕೊನೆಗೂ ಒಪ್ಪಲಿಲ್ಲ.

1921ರಲ್ಲಿ ಮುಂಬಯಿ ಶಾಸನಸಭೆಯ ಅಧ್ಯಕ್ಷರಾದ ಅವರು 1923ರ ಮೇ 14ರಂದು ಬೆಂಗಳೂರಿನಲ್ಲಿ ದಿವಂಗತರಾದರು. ಪುತ್ರ ವಿಠ್ಠಲರಾಯರು ಮುಂಬಯಿಯ ಮೇಯರ್ ಆದರು. 1933ರಿಂದ 1939ರವರೆಗೆ, ಹಿಂದೊಮ್ಮೆ ತಂದೆ ಕೂತಿದ್ದ ಮುಂಬಯಿ ವಿಶ್ವವಿದ್ಯಾಲಯದ ಕುಲಪತಿಯ ಕುರ್ಚಿಯಲ್ಲೇ ಕೂತರು.