ಸೀಟು ಹೆಚ್ಚಾದ ಮೇಲೆ ವಿಮಾನ ಯಾಕೆ ತುಂಬಿತು? ಚೀನಾದ ‘ಕಡಲಾಮೆ’ಗಳ ಕಥೆ

ಇವತ್ತಿನ ಕಂತನ್ನ ಒಂದು ಪದದ ಆಟದಿಂದ ಶುರು ಮಾಡೋಣ. ಚೀನೀ ಭಾಷೆಯಲ್ಲಿ ‘ಹಾಯ್‌ಗುಯಿ’ ಅಂತ ಒಂದು ಪದ ಇದೆ. ಬರೆದ ಅಕ್ಷರ ನೋಡಿದರೆ ‘ಕಡಲಾಚೆಯಿಂದ ಮರಳಿದವರು’ ಅಂತ ಅರ್ಥ. ಅಂದರೆ ವಿದೇಶದಲ್ಲಿ ಓದಿ ವಾಪಸ್ ಬಂದವರು. ಆದರೆ ಬರೀ ಕಿವಿಯಿಂದ ಕೇಳಿದರೆ ‘ಕಡಲಾಮೆ’ ಅಂದ ಹಾಗೂ ಕೇಳಿಸುತ್ತೆ. ಕಡಲಾಮೆ ಎಲ್ಲೆಲ್ಲೋ ಈಜಾಡಿ ಮೊಟ್ಟೆ ಇಡೋದಕ್ಕೆ ತಾನು ಹುಟ್ಟಿದ ದಡಕ್ಕೇ ಬರುತ್ತೆ ಅಲ್ವಾ? ಹಾಗಾಗಿ ಹೆಸರು ಗಟ್ಟಿಯಾಗಿ ಅಂಟಿಕೊಂಡಿತು. ಆಗ ಅದು ಗೌರವದ ಹೆಸರು.

ಆಮೇಲೆ ಅದರ ಪಕ್ಕಕ್ಕೇ ಇನ್ನೊಂದು ಪದ ಬಂತು, ‘ಹಾಯ್‌ದಾಯ್’. ಕಡಲಪಾಚಿ. ಇಲ್ಲೂ ಅದೇ ಆಟ: ‘ದಾಯ್’ ಅನ್ನೋ ಸದ್ದಿಗೆ ‘ಕಾಯೋದು’ ಅನ್ನೋ ಅರ್ಥವೂ ಇದೆ. ವಿದೇಶದ ಡಿಗ್ರಿ ಹಿಡಿದುಕೊಂಡು ಮನೆಯಲ್ಲಿ ಕೆಲಸಕ್ಕೆ ಕಾಯುತ್ತಾ ಕೂತವರು.

ಆಮೆ ಪಾಚಿ ಆಗಿದ್ದು ಹೇಗೆ? ಇದಕ್ಕೆ ಉತ್ತರ ಹುಡುಕೋಕೆ ಅಮೆರಿಕಕ್ಕೋ ಬ್ರಿಟನ್ನಿಗೋ ಹೋಗಬೇಕಿಲ್ಲ. ಉತ್ತರದ ಬಹುಪಾಲು ಚೀನಾದ ಒಳಗೇ, 1999ರಲ್ಲಿ ತೆಗೆದುಕೊಂಡ ಒಂದು ತೀರ್ಮಾನದಲ್ಲಿದೆ ಅಂತ ನನಗನ್ನಿಸುತ್ತೆ. ಆ ವರ್ಷ ಚೀನಾ ತನ್ನ ಕಾಲೇಜುಗಳ ಬಾಗಿಲನ್ನ ಏಕಾಏಕಿ ಅಗಲ ಮಾಡಿತು. ಊರಲ್ಲೇ ಸೀಟು ಸಿಗುವಾಗ ಹೊರಗೆ ಹೋಗೋರು ಕಡಿಮೆ ಆಗಬೇಕಿತ್ತು. ಆಗಿದ್ದು ಉಲ್ಟಾ. 2000ನೇ ಇಸವಿಯಲ್ಲಿ ಸುಮಾರು 39 ಸಾವಿರ ಜನ ಓದೋಕೆ ಹೊರದೇಶಕ್ಕೆ ಹೋಗಿದ್ದರು. 2002ಕ್ಕೆ ಅದು 1.25 ಲಕ್ಷ. 2019ಕ್ಕೆ 7 ಲಕ್ಷ ದಾಟಿತು.

ಸ್ವಲ್ಪ ಹಿಂದಕ್ಕೆ ಹೋಗೋಣ. ಸಾಂಸ್ಕೃತಿಕ ಕ್ರಾಂತಿ ಶುರುವಾದ 1966ರಲ್ಲಿ ಚೀನಾದ ಕಾಲೇಜು ಪ್ರವೇಶ ಪರೀಕ್ಷೆ, ಅಂದರೆ ಗಾವೊಕಾವೊ, ನಿಂತುಹೋಯಿತು. ಮತ್ತೆ ನಡೆದದ್ದು 1977ರ ಡಿಸೆಂಬರ್‌ನಲ್ಲಿ. ಒಂದು ದಶಕದಿಂದ ಕಾಯುತ್ತಿದ್ದವರೆಲ್ಲ ಒಟ್ಟಿಗೆ ಬಂದರು. ಅಕ್ಕ, ತಮ್ಮ, ಎಷ್ಟೋ ಕಡೆ ಮೇಷ್ಟ್ರು ಮತ್ತು ಅವರ ವಿದ್ಯಾರ್ಥಿ, ಎಲ್ಲ ಒಂದೇ ಪರೀಕ್ಷೆಗೆ. ಪ್ರಶ್ನೆಪತ್ರಿಕೆ ಅಚ್ಚು ಹಾಕೋಕೆ ಕಾಗದವೇ ಸಾಲಲಿಲ್ಲ. ಮಾವೊ ಅವರ ಆಯ್ದ ಬರಹಗಳ ಐದನೇ ಸಂಪುಟಕ್ಕೆಂದು ತೆಗೆದಿಟ್ಟಿದ್ದ ಕಾಗದವನ್ನ ಇದಕ್ಕೆ ಬಳಸಿದರು. ಬರೆದವರು 57 ಲಕ್ಷ, ಸೀಟು ಸಿಕ್ಕಿದ್ದು ಸುಮಾರು 2.7 ಲಕ್ಷ ಜನಕ್ಕೆ. ನೂರರಲ್ಲಿ ಐದು ಜನವೂ ಇಲ್ಲ.

ಮರುವರ್ಷ, 1978ರ ಜೂನ್ 23ರಂದು, ತ್ಸಿಂಗ್‌ಹುವಾ ವಿಶ್ವವಿದ್ಯಾಲಯದ ಬಗ್ಗೆ ವರದಿ ಕೇಳುತ್ತಾ ಡೆಂಗ್ ಶಿಯಾವೊಪಿಂಗ್ ಒಂದು ಮಾತು ಹೇಳಿದರು. ಹೊರದೇಶಕ್ಕೆ ಕಳಿಸೋದಾದರೆ ಎಂಟ್ಹತ್ತು ಜನ ಅಲ್ಲ, ಸಾವಿರಗಟ್ಟಲೆ ಕಳಿಸಿ ಅಂತ. ಅದೇ ಡಿಸೆಂಬರ್ 26ಕ್ಕೆ 52 ಜನರ ಮೊದಲ ತಂಡ ಬೀಜಿಂಗ್‌ನಿಂದ ಅಮೆರಿಕಕ್ಕೆ ಹೊರಟಿತು. ಎರಡು ದೇಶಗಳ ನಡುವೆ ಆಗಿನ್ನೂ ರಾಜತಾಂತ್ರಿಕ ಸಂಬಂಧವೇ ಇರಲಿಲ್ಲ, ಅದು ಶುರುವಾಗಿದ್ದು 1979ರ ಜನವರಿ 1ಕ್ಕೆ. ನೇರ ವಿಮಾನ ಇಲ್ಲದ್ದರಿಂದ ಪ್ಯಾರಿಸ್ ಮೇಲೆ ಸುತ್ತಿ ಹೋದರು. ಇವರು ಹದಿಹರೆಯದ ಹುಡುಗರಲ್ಲ, ಮೂವತ್ತು ದಾಟಿದ ಸಂಶೋಧಕರು. ಖರ್ಚು ಸರ್ಕಾರದ್ದು, ಹೋಗಿದ್ದು ಸರ್ಕಾರದ ಕೆಲಸಕ್ಕೆ, ಮನಸ್ಸಿನಲ್ಲಿದ್ದಿದ್ದು ‘ಕಲಿತು ಬಂದು ದೇಶಕ್ಕೆ ಕೊಡಬೇಕು’ ಅನ್ನೋದು.

ಎಂಬತ್ತರ ದಶಕದಲ್ಲಿ ಈ ಮನಸ್ಸು ಬದಲಾಯಿತು. ‘ಹೊರದೇಶದ ಜ್ವರ’ ಅಂತಲೇ ಅದಕ್ಕೆ ಹೆಸರು ಬಿತ್ತು. ಹೋದವರು ಬರಲಿಲ್ಲ. ಬರೋದಕ್ಕೆ ಕಾರಣವೂ ಕಡಿಮೆ ಇತ್ತು. 1989ರ ತಿಯಾನನ್ಮೆನ್ ಗೋಲಿಬಾರ್ ಆದ ಮೇಲಂತೂ ಅಮೆರಿಕ ತನ್ನಲ್ಲಿದ್ದ ಚೀನೀ ವಿದ್ಯಾರ್ಥಿಗಳಿಗೆ ಉಳಿಯಲು ದಾರಿ ಮಾಡಿಕೊಟ್ಟಿತು. 1992ರ ಕಾನೂನಿನಡಿ ಐವತ್ತು ಸಾವಿರಕ್ಕೂ ಹೆಚ್ಚು ಜನ ಗ್ರೀನ್ ಕಾರ್ಡ್ ಪಡೆದರು. ಇತ್ತ ಚೀನಾ ಸರ್ಕಾರ 1990ರಲ್ಲೇ ಒಂದು ಬೇಲಿ ಹಾಕಿತ್ತು: ಊರಲ್ಲಿ ಡಿಗ್ರಿ ಮುಗಿಸಿ ಸ್ವಂತ ಖರ್ಚಲ್ಲಿ ಹೋಗೋರು ಮೊದಲು ಕೆಲವು ವರ್ಷ ದೇಶದಲ್ಲಿ ಕೆಲಸ ಮಾಡಬೇಕು, ಇಲ್ಲದಿದ್ದರೆ ತಮ್ಮ ಓದಿಗೆ ಸರ್ಕಾರ ಮಾಡಿದ ಖರ್ಚನ್ನ ಕಟ್ಟಬೇಕು. ಈ ಬೇಲಿ ಪೂರ್ತಿ ಹೋಗಿದ್ದು 2002ರ ಕೊನೆಗೆ. ಮೇಲೆ ಹೇಳಿದ ಅಂಕಿಯ ಜಿಗಿತದಲ್ಲಿ ಇದರದ್ದೂ ಪಾಲಿದೆ.

ಈ ಕಾಲದ ಒಬ್ಬ ಮನುಷ್ಯನನ್ನ ಮರೆಯೋ ಹಾಗಿಲ್ಲ. ಯು ಮಿನ್‌ಹೊಂಗ್. ಹಳ್ಳಿ ಹುಡುಗ. ಗಾವೊಕಾವೊದಲ್ಲಿ ಎರಡು ಸಲ ಫೇಲ್, ಮೂರನೇ ಸಲ ಪೀಕಿಂಗ್ ವಿಶ್ವವಿದ್ಯಾಲಯ. ಅಮೆರಿಕಕ್ಕೆ ಹೋಗಬೇಕು ಅಂತ ಒದ್ದಾಡಿದ, ಆಗಲಿಲ್ಲ. 1993ರಲ್ಲಿ ‘ನ್ಯೂ ಓರಿಯೆಂಟಲ್’ ಅನ್ನೋ ಕೋಚಿಂಗ್ ಸಂಸ್ಥೆ ಕಟ್ಟಿ ಬೇರೆಯವರಿಗೆ ಟೋಫೆಲ್, ಜಿಆರ್‌ಇ ಹೇಳಿಕೊಟ್ಟ. ತಾನು ಹೋಗಲಾರದ ದೇಶಕ್ಕೆ ಲಕ್ಷಾಂತರ ಜನರನ್ನ ತಯಾರು ಮಾಡಿ ಶ್ರೀಮಂತನಾದ.

ಸರಿ, ಈಗ 1999. ಹಿಂದಿನ ಎರಡು ವರ್ಷ ಏಷ್ಯಾದ ಆರ್ಥಿಕ ಬಿಕ್ಕಟ್ಟು. ಸರ್ಕಾರಿ ಕಾರ್ಖಾನೆಗಳಿಂದ ಕೋಟಿಗೂ ಮಿಕ್ಕಿ ಕಾರ್ಮಿಕರು ಮನೆಗೆ ಹೋಗುತ್ತಿದ್ದರು. ಜನ ಹಣ ಬಿಚ್ಚುತ್ತಿರಲಿಲ್ಲ. 1998ರ ನವೆಂಬರ್‌ನಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಅರ್ಥಶಾಸ್ತ್ರಜ್ಞ ತಾಂಗ್ ಮಿನ್ ತಮ್ಮ ಪತ್ನಿಯ ಜೊತೆ ಸೇರಿ ಸರ್ಕಾರಕ್ಕೆ ಒಂದು ಸಲಹೆ ಬರೆದರು. ಕಾಲೇಜು ಪ್ರವೇಶವನ್ನ ಕೆಲವೇ ವರ್ಷಗಳಲ್ಲಿ ಎರಡರಷ್ಟು ಮಾಡಿ. ಶುಲ್ಕ ತೆಗೆದುಕೊಳ್ಳಿ. ತಂದೆತಾಯಿ ಏನಕ್ಕೆ ದುಡ್ಡು ಬಿಚ್ಚದಿದ್ದರೂ ಮಕ್ಕಳ ಓದಿಗೆ ಬಿಚ್ಚುತ್ತಾರೆ. ಹುಡುಗರು ಕ್ಲಾಸಲ್ಲಿ ಕೂತಿದ್ದಷ್ಟು ದಿನ ಕೆಲಸ ಕೇಳಿಕೊಂಡೂ ಬರೋದಿಲ್ಲ.

ಇದನ್ನ ಇನ್ನೊಮ್ಮೆ ಯೋಚಿಸಿ ನೋಡಿ. ಒಂದು ಪೀಳಿಗೆಯ ಭವಿಷ್ಯ ಬದಲಿಸಿದ ನಿರ್ಧಾರದ ಹಿಂದೆ ಶಿಕ್ಷಣದ ಮಾತಿನಷ್ಟೇ, ಬಹುಶಃ ಅದಕ್ಕಿಂತ ಹೆಚ್ಚಾಗಿ, ಮಾರುಕಟ್ಟೆಯ ಮಾತಿತ್ತು. ಸಲಹೆ ಎಷ್ಟು ಬೇಗ ಜಾರಿಗೆ ಬಂತೆಂದರೆ, 1999ರ ಜೂನ್‌ನಲ್ಲಿ ಹೆಚ್ಚುವರಿ ಸೀಟು ಘೋಷಣೆ, ಜುಲೈನಲ್ಲಿ ಪರೀಕ್ಷೆ. 1998ರಲ್ಲಿ 10.8 ಲಕ್ಷ ಇದ್ದ ಪ್ರವೇಶ ಒಂದೇ ವರ್ಷಕ್ಕೆ ಸುಮಾರು 16 ಲಕ್ಷಕ್ಕೆ ಹೋಯಿತು. ಹಾಸ್ಟೆಲ್ ಇಲ್ಲ, ಮೇಷ್ಟ್ರು ಸಾಲದು, ಆದರೂ ತುಂಬಿಸಿದರು. ಆಮೇಲೆ ಕಟ್ಟಡದ ಹಬ್ಬ ಶುರು. ಗುವಾಂಗ್‌ಝೌನಲ್ಲಿ ಒಂದು ದ್ವೀಪದ ಬಹುಭಾಗವನ್ನ ಖಾಲಿ ಮಾಡಿಸಿ 2004ರಲ್ಲಿ ಹತ್ತು ವಿಶ್ವವಿದ್ಯಾಲಯಗಳ ಕ್ಯಾಂಪಸ್‌ ತಂದಿಟ್ಟರು. ಬ್ಯಾಂಕ್ ಸಾಲದ ಮೇಲೆ ನಿಂತ ಬೆಳವಣಿಗೆ ಇದು. 2007ರಲ್ಲಿ ಜಿಲಿನ್ ವಿಶ್ವವಿದ್ಯಾಲಯ ತನ್ನ ಮೇಲೆ 300 ಕೋಟಿ ಯುವಾನ್ ಸಾಲ ಇದೆ, ತೀರಿಸೋಕೆ ಯಾರಾದರೂ ಉಪಾಯ ಹೇಳಿ ಅಂತ ತನ್ನ ಸಿಬ್ಬಂದಿಯನ್ನೇ ಕೇಳಿತ್ತು.

ಹಾಗಂತ ಇದು ಬರೀ ಮೋಸ ಅಂತ ಹೇಳಿಬಿಟ್ಟರೆ ಅನ್ಯಾಯ. 1998ರಲ್ಲಿ ಕಾಲೇಜು ವಯಸ್ಸಿನವರಲ್ಲಿ ನೂರಕ್ಕೆ ಹತ್ತು ಜನಕ್ಕೂ ಸಿಗದಿದ್ದ ಅವಕಾಶ 2019ರ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಸಿಕ್ಕಿತು. ಎಷ್ಟೋ ಮನೆಗಳಲ್ಲಿ ಮೊದಲ ಬಾರಿಗೆ ಒಬ್ಬ ಮಗಳು ಡಿಗ್ರಿ ಕಂಡಳು.

ಗಂಟು ಎಲ್ಲಿತ್ತು ಅಂದರೆ, ಸೀಟು ಹೆಚ್ಚಾಯಿತು, ಒಳ್ಳೆಯ ಸೀಟು ಅಷ್ಟೊಂದು ಹೆಚ್ಚಾಗಲಿಲ್ಲ. ಬೆಳೆದಿದ್ದು ಹೆಚ್ಚಾಗಿ ಪ್ರಾಂತ್ಯದ ಕಾಲೇಜುಗಳು, ಡಿಪ್ಲೊಮಾ ಕಾಲೇಜುಗಳು, ದುಬಾರಿ ಶುಲ್ಕದ ಖಾಸಗಿ ಶಾಖೆಗಳು. ಅದೇ ಹೊತ್ತಲ್ಲಿ ಸರ್ಕಾರ ‘211’, ‘985’ ಅನ್ನೋ ಯೋಜನೆಗಳಲ್ಲಿ ಕೆಲವೇ ಸಂಸ್ಥೆಗಳಿಗೆ ಹಣ ಸುರಿಯಿತು. 985ರ ಪಟ್ಟಿಯಲ್ಲಿರೋದು 39. ಇಡೀ ದೇಶದಲ್ಲಿ ಕಾಲೇಜುಗಳು ಮೂರು ಸಾವಿರದ ಹತ್ತಿರ. ಮೇಲಾಗಿ ಸೀಟು ಹಂಚಿಕೆ ಪ್ರಾಂತ್ಯವಾರು, ಬೀಜಿಂಗ್ ಮಕ್ಕಳಿಗೆ ಸಲೀಸು. ಹೆನಾನ್ ಪ್ರಾಂತ್ಯ ನೋಡಿ: 2024ರಲ್ಲಿ ಪರೀಕ್ಷೆಗೆ ಹೆಸರು ಕೊಟ್ಟವರು 13 ಲಕ್ಷಕ್ಕೂ ಹೆಚ್ಚು. ಅಷ್ಟು ದೊಡ್ಡ ಪ್ರಾಂತ್ಯದೊಳಗೆ 211 ಪಟ್ಟಿಯ ವಿಶ್ವವಿದ್ಯಾಲಯ ಒಂದೇ ಒಂದು.

2003ರಲ್ಲಿ ವಿಸ್ತರಣೆಯ ಮೊದಲ ಬ್ಯಾಚ್ ಹೊರಬಿತ್ತು. ಒಟ್ಟು 21 ಲಕ್ಷ ಪದವೀಧರರು, ಅದೂ ಸಾರ್ಸ್ ರೋಗ ಹರಡಿದ ವರ್ಷ. ಹಿಂದೆ ಡಿಗ್ರಿ ಮುಗಿಸಿದವರಿಗೆ ಸರ್ಕಾರವೇ ಕೆಲಸ ಹಂಚುತ್ತಿತ್ತು. ಆ ಪದ್ಧತಿ ಆಗಲೇ ಮುಗಿದಿತ್ತು. ಅರ್ಜಿಗಳ ರಾಶಿ ನೋಡಿದ ಕಂಪನಿಗಳು ಸುಲಭದ ದಾರಿ ಹಿಡಿದವು: 985, 211 ಅಲ್ಲದಿದ್ದರೆ ಪಕ್ಕಕ್ಕಿಡು. ಇದು ಎಷ್ಟು ಬೆಳೆಯಿತೆಂದರೆ, ಕ್ಯಾಂಪಸ್ ನೇಮಕಾತಿಯಲ್ಲಿ ಹೀಗೆ ಷರತ್ತು ಹಾಕಬೇಡಿ ಅಂತ 2013ರಲ್ಲಿ ಶಿಕ್ಷಣ ಸಚಿವಾಲಯವೇ ಸುತ್ತೋಲೆ ಹೊರಡಿಸಬೇಕಾಯಿತು. ದೊಡ್ಡ ನಗರಗಳ ಅಂಚಿನಲ್ಲಿ ಒಂದು ಕೋಣೆಯಲ್ಲಿ ಹಲವರು ಮಲಗುತ್ತಾ ಕೆಲಸ ಹುಡುಕುತ್ತಿದ್ದ ಪದವೀಧರರಿಗೆ 2009ರಲ್ಲಿ ಸಂಶೋಧಕ ಲಿಯಾನ್ ಸಿ ಕೊಟ್ಟ ಹೆಸರು ‘ಇರುವೆ ಪಂಗಡ’.

ಈಗ ಒಬ್ಬ ಮಧ್ಯಮ ವರ್ಗದ ಅಪ್ಪ ಅಮ್ಮನ ಜಾಗದಲ್ಲಿ ನಿಂತು ನೋಡಿ. ಒಂದೇ ಮಗು. ತೊಂಬತ್ತರ ಕೊನೆಯಲ್ಲಿ ಕಡಿಮೆ ಬೆಲೆಗೆ ಸಿಕ್ಕ ಫ್ಲ್ಯಾಟು ಈಗ ಹಲವು ಪಟ್ಟು ಬೆಲೆ ಬಾಳುತ್ತೆ. ಮಗುವಿಗೆ ಗಾವೊಕಾವೊದಲ್ಲಿ ಬರೋ ಅಂಕಕ್ಕೆ ಯಾರೂ ಹೆಸರು ಕೇಳದ ಕಾಲೇಜು ಸಿಗಬಹುದು. ಅದೇ ಫ್ಲ್ಯಾಟಿನ ದುಡ್ಡಲ್ಲಿ ಬ್ರಿಟನ್ನಿನ ಒಂದು ವರ್ಷದ ಮಾಸ್ಟರ್ಸ್ ಬರುತ್ತೆ. ಆ ವಿಶ್ವವಿದ್ಯಾಲಯ ವಿಶ್ವ ರ್‍ಯಾಂಕಿಂಗ್‌ನ ಮೊದಲ ನೂರರಲ್ಲಿದೆ. ಏನು ಮಾಡ್ತೀರಿ?

ಇಲ್ಲೇ ನೋಡಿ ಮನೋಭಾವ ತಿರುಗಿದ್ದು. 1978ರಲ್ಲಿ ಹೊರದೇಶದ ಓದು ಅಂದರೆ ಕರ್ತವ್ಯ. ಎಂಬತ್ತರಲ್ಲಿ ತಪ್ಪಿಸಿಕೊಳ್ಳುವ ದಾರಿ, ಅದೂ ಸ್ಕಾಲರ್‌ಶಿಪ್ ಗಿಟ್ಟಿಸಬಲ್ಲ ಅತಿ ಜಾಣರಿಗೆ ಮಾತ್ರ. ಎರಡು ಸಾವಿರದ ನಂತರ ಅದು ಊರಿನ ಸ್ಪರ್ಧೆಯಲ್ಲೇ ಆಡುವ ಇನ್ನೊಂದು ನಡೆ. ಹೋಗೋರಲ್ಲಿ ಹತ್ತಕ್ಕೆ ಒಂಬತ್ತು ಜನ ಸ್ವಂತ ಖರ್ಚಿನವರಾದರು. ಹೋಗುವಾಗಲೇ ಮರಳುವ ಲೆಕ್ಕ ಇತ್ತು. ಶಾಂಘೈನಂಥ ನಗರ ‘ಹುಕೋವು’, ಅಂದರೆ ಅಲ್ಲಿಯ ಕಾಯಂ ನಿವಾಸಿ ಹಕ್ಕು ಕೊಡುವಾಗಲೂ, ನೀವು ಓದಿದ ವಿದೇಶಿ ವಿಶ್ವವಿದ್ಯಾಲಯದ ರ್‍ಯಾಂಕ್ ಎಷ್ಟು ಅಂತ ನೋಡುತ್ತೆ. ಯಾವ ಊರು ಚೆಂದ, ಯಾವ ಪ್ರೊಫೆಸರ್ ಒಳ್ಳೆಯವರು ಅನ್ನೋದಕ್ಕಿಂತ ಪಟ್ಟಿಯ ಅಂಕಿ ಮುಖ್ಯವಾಯಿತು. 1978ರಿಂದ 2019ರವರೆಗೆ ಹೋದವರು 65 ಲಕ್ಷ, ಓದು ಮುಗಿಸಿದವರಲ್ಲಿ ನೂರಕ್ಕೆ 86 ಜನ ಮರಳಿದ್ದಾರೆ.

ಎಲ್ಲರೂ ಅದೇ ನಡೆ ಆಡಿದಾಗ ಏನಾಗುತ್ತೆ ಅಂತ ನೀವೇ ಊಹಿಸಬಹುದು. ಒಂದು ವರ್ಷದ ಮಾಸ್ಟರ್ಸ್‌ಗೆ ‘ನೀರು ಮಾಸ್ಟರ್ಸ್’ ಅಂತ ಅಡ್ಡಹೆಸರು ಬಂತು. ನಾವು ತಿಳಿ ಸಾರಿನ ಬಗ್ಗೆ ಹೇಳ್ತೀವಲ್ಲ, ಹಾಗೆ. ಊರಲ್ಲಿ ಡಿಗ್ರಿಗೆ ಆದದ್ದೇ ಹೊರಗಿನ ಡಿಗ್ರಿಗೂ ಆಯಿತು.

ಈ ವಿಸ್ತರಣೆಯ ಒಂದು ತುದಿ ನಮ್ಮ ಮನೆಗಳಿಗೂ ತಾಗಿದೆ ಅನ್ನೋದನ್ನ ನಡುವೆ ಹೇಳಿಬಿಡ್ತೀನಿ. ದೊಡ್ಡದಾಗಿ ಬೆಳೆದ ಚೀನೀ ವೈದ್ಯಕೀಯ ವಿಶ್ವವಿದ್ಯಾಲಯಗಳು ವಿದೇಶಿಯರಿಗೂ ಸೀಟು ಕೊಟ್ಟವು. ಎಂಬಿಬಿಎಸ್ ಓದೋಕೆ ಕರ್ನಾಟಕದಿಂದಲೂ ಮಕ್ಕಳು ಹೋದರು. 2020ರಲ್ಲಿ ಕೋವಿಡ್ ಬಂದಾಗ ಮನೆಗೆ ಬಂದವರು ಎರಡು ವರ್ಷಕ್ಕೂ ಹೆಚ್ಚು ಕಾಲ ಮೊಬೈಲ್ ಪರದೆಯಲ್ಲೇ ಅನಾಟಮಿ ಕಲಿಯಬೇಕಾಯಿತು.

ಅದೇ ಕೋವಿಡ್ ಚೀನಾದ ಯುವಕರ ಮನಸ್ಸನ್ನೂ ಎರಡಾಗಿ ಸೀಳಿತು. 2022ರಲ್ಲಿ ಶಾಂಘೈ ಲಾಕ್‌ಡೌನ್ ಆದಾಗ ‘ರುನ್’ ಅನ್ನೋ ಅಕ್ಷರ ಎಲ್ಲರ ಫೋನಲ್ಲಿ ಓಡಾಡಿತು. ಅರ್ಥ ‘ತೇವ’. ಆದರೆ ಇಂಗ್ಲಿಷ್ ಲಿಪಿಯಲ್ಲಿ ಬರೆದರೆ ‘ರನ್’, ಓಡು ಅಂತ. ದೇಶ ಬಿಟ್ಟು ಓಡೋದು ಹೇಗೆ ಅನ್ನೋ ಚರ್ಚೆಗೆ ಅದು ಗುಟ್ಟಿನ ಪದ. ಇನ್ನೊಂದು ಕಡೆ ಇಷ್ಟು ಖರ್ಚು ಮಾಡಿ ಹೋಗೋದರಲ್ಲಿ ಏನಿದೆ ಅನ್ನೋ ದಣಿವು. 2023ರ ವಸಂತದಲ್ಲಿ ಯುವಕರು ತಮ್ಮನ್ನ ಕೋಂಗ್ ಯಿಜಿಗೆ ಹೋಲಿಸಿಕೊಂಡರು. ಅವನು ಲು ಶುನ್ ಬರೆದ ಕಥೆಯ ಪಾತ್ರ. ಪರೀಕ್ಷೆ ಪಾಸಾಗದ ಬಡ ಪಂಡಿತ. ಕೂಲಿಯವರ ಜೊತೆ ನಿಂತು ಕುಡಿಯುತ್ತಾನೆ, ಆದರೂ ವಿದ್ವಾಂಸರ ಉದ್ದ ನಿಲುವಂಗಿ ಬಿಚ್ಚೋದಿಲ್ಲ. ಡಿಗ್ರಿಯೇ ನಮ್ಮ ನಿಲುವಂಗಿ ಅಂದರು ಹುಡುಗರು. ಹಾಗಾದರೆ ಬಿಚ್ಚಿಡಿ ಅಂತ ಸರ್ಕಾರಿ ಟಿವಿ ಉಪದೇಶ ಮಾಡಿತು. ಸಿಟ್ಟು ಇನ್ನೂ ಹೆಚ್ಚಾಯಿತು. ಆ ಜೂನ್‌ನಲ್ಲಿ ನಗರದ ಯುವ ನಿರುದ್ಯೋಗ ಶೇ. 21.3 ಮುಟ್ಟಿತು, ಆಗಸ್ಟ್‌ನಲ್ಲಿ ಸರ್ಕಾರ ಆ ಅಂಕಿ ಪ್ರಕಟಿಸೋದನ್ನೇ ಕೆಲವು ತಿಂಗಳು ನಿಲ್ಲಿಸಿತು. ಅಂದಹಾಗೆ ಲು ಶುನ್ ಕೂಡ 1902ರಲ್ಲಿ ಸರ್ಕಾರದ ಖರ್ಚಲ್ಲಿ ಜಪಾನಿಗೆ ಹೋಗಿ, ವೈದ್ಯಕೀಯ ಓದನ್ನ ಅರ್ಧಕ್ಕೆ ಬಿಟ್ಟು ಬಂದ ‘ಕಡಲಾಮೆ’ಯೇ.

ಅಮೆರಿಕದಲ್ಲಿ ಚೀನೀ ವಿದ್ಯಾರ್ಥಿಗಳು 2019-20ರಲ್ಲಿ 3.72 ಲಕ್ಷ ಇದ್ದವರು 2023-24ಕ್ಕೆ 2.77 ಲಕ್ಷಕ್ಕೆ ಇಳಿದರು. ಮೊದಲ ಸ್ಥಾನಕ್ಕೆ ಬಂದಿದ್ದು ನಾವು, 3.31 ಲಕ್ಷ ಭಾರತೀಯರು. 2025ರ ಮೇ ತಿಂಗಳಲ್ಲಿ ಚೀನೀ ವಿದ್ಯಾರ್ಥಿಗಳ ವೀಸಾ ರದ್ದು ಮಾಡ್ತೀವಿ ಅಂತ ಅಮೆರಿಕ ಹೇಳಿತು. ಅದಕ್ಕೂ ಒಂದು ತಿಂಗಳ ಮೊದಲು ಚೀನಾದಲ್ಲೇ, ಏಸಿ ತಯಾರಿಸುವ ದೈತ್ಯ ಕಂಪನಿ ಗ್ರೀ ಮುಖ್ಯಸ್ಥೆ ದೊಂಗ್ ಮಿಂಗ್‌ಝು, ವಿದೇಶದಲ್ಲಿ ಓದಿ ಬಂದವರನ್ನ ನಾವು ತೆಗೆದುಕೊಳ್ಳೋದೇ ಇಲ್ಲ, ಅವರಲ್ಲಿ ಗೂಢಚಾರರು ಇರಬಹುದು ಅಂದುಬಿಟ್ಟರು. ದೊಡ್ಡ ಗಲಾಟೆಯಾಯಿತು. ಅಲ್ಲಿ ಹೋದರೆ ಚೀನಾದ ಗೂಢಚಾರ, ಇಲ್ಲಿ ಬಂದರೆ ಅಮೆರಿಕದ ಗೂಢಚಾರ. ಈ ಹುಡುಗರು ಎಲ್ಲಿ ನಿಲ್ಲಬೇಕು?

ಈ ಅನುಮಾನ ಹೊಸದಲ್ಲ. 1872ರಿಂದ ಚೀನಾದ ರಾಜಸತ್ತೆ 120 ಹುಡುಗರನ್ನ ಅಮೆರಿಕಕ್ಕೆ ಓದಲು ಕಳಿಸಿತ್ತು. ಇವರು ಪೂರ್ತಿ ಅಮೆರಿಕದವರೇ ಆಗಿಬಿಡ್ತಿದ್ದಾರೆ ಅಂತ ಹೆದರಿ 1881ರಲ್ಲಿ ವಾಪಸ್ ಕರೆಸಿತು. ಅವರಲ್ಲಿ ಝಾನ್ ತಿಯಾನ್‌ಯೌ ಅನ್ನೋ ಹುಡುಗ ಯೇಲ್‌ನಲ್ಲಿ ರೈಲ್ವೆ ಎಂಜಿನಿಯರಿಂಗ್ ಮುಗಿಸಿ ಬಂದಿದ್ದ. ಅವನನ್ನ ನೌಕಾಪಡೆಯ ಶಾಲೆಗೆ ಹಾಕಿದರು. ರೈಲ್ವೆ ಕೆಲಸ ಕೈಗೆ ಸಿಗೋಕೆ ಏಳು ವರ್ಷ ಹಿಡಿಯಿತು. 1909ರಲ್ಲಿ ಬೀಜಿಂಗ್‌ನಿಂದ ಝಾಂಗ್‌ಜಿಯಾಕೌಗೆ ವಿದೇಶಿ ಎಂಜಿನಿಯರುಗಳಿಲ್ಲದೆ ಬೆಟ್ಟದ ಮೇಲೆ ಹಳಿ ಹಾಕಿ ಮುಗಿಸಿದವನು ಅವನೇ. ಮಹಾಗೋಡೆಯ ಹತ್ತಿರ, ಕಡಿದಾದ ಏರಿನಲ್ಲಿ ರೈಲು ಹಿಂದೆ ಮುಂದೆ ಓಡಿ ಹತ್ತುವ ಆ ಅಂಕುಡೊಂಕು ಹಳಿಯ ಪಕ್ಕ, ಚಿಂಗ್‌ಲೊಂಗ್‌ಚಿಯಾವೊ ಸ್ಟೇಷನ್ನಿನಲ್ಲಿ ಅವನ ಪ್ರತಿಮೆ ಇವತ್ತಿಗೂ ನಿಂತಿದೆ.